ಹದಿನೇಳರ ಮುಂದೆ ಸೊನ್ನೆ

ಅಜ್ಜಿಗೆ ಜಂಬ ಅಂತ ಇದ್ದದ್ದು ಒಂದೇ ವಿಷಯಕ್ಕೆ. ರೂಪ ಅಷ್ಟಕ್ಕಷ್ಟೆ, ಒಡವೆ ಅಷ್ಟಕ್ಕಷ್ಟೆ, ಗಂಡನಾದವನು ಇದ್ದಷ್ಟು ದಿನವೂ ಒಂದು ಒಳ್ಳೆಯ ಮಾತಾಡಿ ಬೆನ್ನು ತಟ್ಟಿದವನಲ್ಲ. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ ಆಪರೇಟರಾಗಿದ್ದವಳು ಡ್ಯೂಟಿಯ ನಡುವೆ ಒಂದು ಸಲವೂ, ಒಂದೇ ಒಂದು ಸಲವೂ, ಬಾತ್‌ರೂಮಿಗೆ ಎದ್ದು ಹೋಗಿರಲಿಲ್ಲ. ನಗಬೇಡಿ. ಇದನ್ನು ಕೇಳಿ ಅವಳೆದುರು ನಕ್ಕವರಿಗೆ ಆ ಮನೆಯಲ್ಲಿ ಎರಡನೇ ಸಲ ಕಾಫಿ ಸಿಕ್ಕಿದ್ದಿಲ್ಲ.

ಆಗಿನ ಫೋನು ಈಗಿನಂತೆ ಜೇಬಿನಲ್ಲಿ ಬಿದ್ದಿರುವ ಸಾಮಾನಾಗಿರಲಿಲ್ಲ. ದೂರದೂರಿಗೆ ಮಾತಾಡಬೇಕಾದರೆ ಮೊದಲು ಎಕ್ಸ್‌ಚೇಂಜಿನ ಹೆಂಗಸನ್ನು ಮಾತಾಡಿಸಬೇಕಿತ್ತು. ಉದ್ದನೆಯ ಕೋಣೆ, ಗೋಡೆಗುಂಟ ಇಪ್ಪತ್ತನಾಲ್ಕು ಬೋರ್ಡು, ಪ್ರತಿ ಬೋರ್ಡಿನ ಮುಂದೆ ಎತ್ತರದ ಸ್ಟೂಲು, ಅದರ ಮೇಲೊಬ್ಬಳು. ದೀಪ ಹತ್ತಿದ ತೂತಿಗೆ ವೈರು ಚುಚ್ಚಿ ‘ನಂಬರ್ ಹೇಳಿ’ ಅನ್ನಬೇಕು, ಇನ್ನೊಂದು ತೂತಿಗೆ ಇನ್ನೊಂದು ವೈರು ಚುಚ್ಚಿ ‘ಮಾತಾಡಿ’ ಅನ್ನಬೇಕು. ಯಾರದೋ ಮನೆಯಲ್ಲಿ ಮಗು ಹುಟ್ಟಿದ್ದು, ಯಾರೋ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದು, ಯಾರದೋ ಮದುವೆ ಮುರಿದದ್ದು ಎಲ್ಲ ಇವರ ಬೆರಳ ಸಂದಿಯಲ್ಲೇ ಹಾದುಹೋಗುತ್ತಿತ್ತು. ಕೋಣೆ ತುಂಬ ಬಿಸಿ ರಬ್ಬರಿನ ವಾಸನೆ. ಇಪ್ಪತ್ತನಾಲ್ಕು ಹೆಂಗಸರು ಒಟ್ಟಿಗೆ ಮೆಲ್ಲಗೆ ಮಾತಾಡುವ ಆ ಗುಂಯ್ ಅನ್ನುವ ಸದ್ದು ಅಜ್ಜಿಗೆ ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಕೇಳಿಸುತ್ತದೆ. ಎಂಥಾ ದಿನಗಳು! ಅಂದುಕೊಂಡು ಅವಳು ಮಗ್ಗುಲು ಬದಲಿಸುತ್ತಾಳೆ.

ಅಲ್ಲಿ ಯಾರಿಗೂ ಹೆಸರಿರಲಿಲ್ಲ. ಕೂತ ಸೀಟಿನ ನಂಬರೇ ಹೆಸರು. ‘ಏ ಒಂಬತ್ತು, ಉಪ್ಪಿನ ಡಬ್ಬಿ ಕೊಡೇ’, ‘ಇಪ್ಪತ್ತೊಂದಕ್ಕೆ ಗಂಡು ಮಗುವಂತೆ’, ಹೀಗೆ. ಅಜ್ಜಿ ಹದಿನೇಳು. ಎಲ್ಲರ ಮೇಲೆ ಒಬ್ಬಳು ಮೇಲ್ವಿಚಾರಕಿ; ಅವಳಿಗೆ ಇವರಿಟ್ಟ ಹೆಸರು ಗಡಿಯಾರಮ್ಮ. ಕೋಣೆಯ ತುದಿಯಲ್ಲಿ ಅವಳದೊಂದು ಕರೀಹಲಗೆ. ಯಾರಾದರೂ ನಡುವೆ ಎದ್ದರೆ ಬೋರ್ಡಿಗೆ ಕೆಂಪು ಬಿಲ್ಲೆ ನೇತುಹಾಕಿ ಹೋಗಬೇಕು, ಬಂದ ಮೇಲೆ ಗಡಿಯಾರಮ್ಮ ಸೀಮೆಸುಣ್ಣದಲ್ಲಿ ಅವಳ ನಂಬರು ಬರೆದು ಮುಂದೆ ಎಷ್ಟು ನಿಮಿಷ ಅಂತ ಬರೆಯುತ್ತಿದ್ದಳು. ಹೆಂಗಸರ ಉಚ್ಚೆಗೂ ಲೆಕ್ಕ! ತಿಂಗಳ ಕೊನೆಗೆ ಯಾರ ಮುಂದೆ ಸೊನ್ನೆ ಇದೆಯೋ ಅವಳಿಗೆ ಎಲ್ಲರೆದುರು ಒಂದು ಗುಲಾಬಿ ಬಣ್ಣದ ಪರಿಮಳದ ಸೋಪು. ಹದಿನೇಳರ ಮುಂದೆ ಯಾವಾಗಲೂ ಸೊನ್ನೆ. ಅವಳ ಮನೆಯಲ್ಲಿ ವರ್ಷಗಟ್ಟಲೆ ಅಂಗಡಿಯಿಂದ ಸೋಪು ತಂದಿದ್ದೇ ಇಲ್ಲ.

ಇದರ ಗುಟ್ಟೇನೂ ದೊಡ್ಡದಲ್ಲ. ಬೆಳಿಗ್ಗೆ ಎದ್ದರೆ ಅರ್ಧ ಲೋಟ ಕಾಫಿ, ಆಮೇಲೆ ಡ್ಯೂಟಿ ಮುಗಿಯುವವರೆಗೆ ಬಾಯಿಗೆ ಹನಿ ನೀರಿಲ್ಲ. ಹೊಟ್ಟೆ ಕರೆದರೆ ಹಲ್ಲು ಕಚ್ಚಿ ಕೂರುವುದು. ಕರೆದೂ ಕರೆದೂ ಸಾಕಾಗಿ ಹೊಟ್ಟೆ ಕರೆಯುವುದನ್ನೇ ಬಿಟ್ಟಿತು. ಅಂದಿನಿಂದ ಇಂದಿನವರೆಗೆ ಅಜ್ಜಿಗೆ ಮಲಬದ್ಧತೆ ಬಿಟ್ಟಿಲ್ಲ. ಬೀರುವಿನಲ್ಲಿ ಸೀರೆಗಳ ಹಿಂದೆ ಒಂದು ಭೇದಿ ಪುಡಿಯ ಡಬ್ಬಿ ಇದೆ, ಅದಿಲ್ಲದೆ ಅವಳಿಗೆ ಒಂದು ವಾರವೂ ಕಳೆಯುವುದಿಲ್ಲ. ಆದರೆ ಆ ಡಬ್ಬಿಗೂ ಆ ಸೊನ್ನೆಗೂ ಸಂಬಂಧ ಇದೆ ಅಂತ ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಹೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

ಈಗ ಅಜ್ಜಿ ಮಗಳ ಮನೆಯಲ್ಲಿದ್ದಾಳೆ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಅಳಿಯ ಬೇಕರಿಯವನು. ಏಳು ವರ್ಷದ ಮೊಮ್ಮಗಳೊಬ್ಬಳು, ಚಿಕ್ಕ ಆಳು, ಚುರುಕು ನಾಲಿಗೆ. ಅದಕ್ಕೇ ಮನೆಯಲ್ಲೆಲ್ಲ ಅವಳನ್ನು ಮೆಣಸು ಅನ್ನುತ್ತಾರೆ. ಅಜ್ಜಿ ಅವಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಳು.

ಶಾಲೆ ಶುರುವಾದ ಮೊದಲ ವಾರ ಮೆಣಸು ಅಳುತ್ತ ಬಂದಳು. ಕ್ಲಾಸಿನಲ್ಲಿ ಬಾತ್‌ರೂಮಿಗೆ ಹೋಗಬೇಕು ಅಂತ ಕೈ ಎತ್ತಿದಳಂತೆ, ಎಲ್ಲ ತಿರುಗಿ ನೋಡಿ ಕಿಸಕ್ಕನೆ ನಕ್ಕರಂತೆ. ಅಜ್ಜಿ ಅವಳನ್ನು ತೊಡೆ ಮೇಲೆ ಎಳೆದುಕೊಂಡು ಕಣ್ಣೊರೆಸಿ, “ಅಳಬೇಡ ನನ್ನ ಬಂಗಾರ, ನೀನು ಯಾರ ಮೊಮ್ಮಗಳು ಹೇಳು? ಹದಿನೇಳರ ಮೊಮ್ಮಗಳು” ಅಂದಳು. ಗಡಿಯಾರಮ್ಮ, ಕರೀಹಲಗೆ, ಸೊನ್ನೆ, ಸೋಪು ಎಲ್ಲ ಹೇಳಿದಳು. ಪಕ್ಕದ ಸೀಟಿನ ಹದಿನೆಂಟರ ಕಥೆಯನ್ನಂತೂ ನಟನೆ ಮಾಡಿ ಹೇಳಿದಳು. ಆ ಹದಿನೆಂಟು ಮಹಾ ನೀರುಬಾಕಿ. ಒಂದು ಗಾಜಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಗಟಗಟ ಕುಡಿಯುವವಳು, ದಿನಕ್ಕೆ ನಾಲ್ಕು ಸಲ ಬಿಲ್ಲೆ ನೇತುಹಾಕಿ ಸೊಂಟ ತಿರುಗಿಸುತ್ತ ಹೋಗುವವಳು. ಹಲಗೆಯಲ್ಲಿ ಅವಳ ನಿಮಿಷಕ್ಕೆ ಜಾಗವೇ ಸಾಲುತ್ತಿರಲಿಲ್ಲ. ಅಜ್ಜಿ ಎದ್ದು ಸೊಂಟ ತಿರುಗಿಸಿ ತೋರಿಸಿದಾಗ ಮೆಣಸು ಬಿದ್ದು ಬಿದ್ದು ನಕ್ಕಳು.

“ಶಾಲೆಯಲ್ಲಿ ಒಂದು ವಾರ ಕೈ ಎತ್ತಲಿಲ್ಲ ಅಂದ್ರೆ ನಿನಗೂ ಒಂದು ಸೋಪು” ಅಂದಳು ಅಜ್ಜಿ. ಪ್ರೀತಿಯಿಂದಲೇ ಅಂದಳು, ಪಾಪ.

ಮೀನಿನ ಆಕಾರದ್ದು, ಬಾತುಕೋಳಿಯದ್ದು, ಸ್ಟ್ರಾಬೆರಿಯದ್ದು ಅಂತ ಪ್ರತಿ ಶುಕ್ರವಾರ ಒಂದೊಂದು ಪುಟ್ಟ ಸೋಪು ಬಂತು. ಮೆಣಸು ಒಂದನ್ನೂ ಬಳಸಲಿಲ್ಲ. ಬೂಟಿನ ಡಬ್ಬದಲ್ಲಿ ಸಾಲಾಗಿ ಜೋಡಿಸಿಟ್ಟು ಮೂಸಿ ಮೂಸಿ ನೋಡುತ್ತಿದ್ದಳು. ಬೆಳಿಗ್ಗೆ ಏಳುವುದೇ ತಡ, ಅಪ್ಪ ತಂದ ಮೈದಾ ಬನ್ನು ಬಾಯಿಗೆ ತುರುಕಿಕೊಳ್ಳುವಷ್ಟರಲ್ಲಿ ವ್ಯಾನಿನ ಹಾರನ್ನು. ಹೊಟ್ಟೆ ಎಚ್ಚರವಾಗುವ ಹೊತ್ತಿಗೆ ಅವಳು ವ್ಯಾನಿನಲ್ಲಿ. ಶಾಲೆಯಲ್ಲಿ ಕೈ ಎತ್ತುವ ಮಾತೇ ಇಲ್ಲ. ನೀರಿನ ಬಾಟಲಿ ದಿನಾ ಖಾಲಿಯಾಗಿ ಬರುತ್ತಿತ್ತು, ಮಗಳು ಖುಷಿಪಡುತ್ತಿದ್ದಳು. ಗೇಟಿನ ಪಕ್ಕದ ಕುಂಡದ ಗಿಡ ಮಾತ್ರ ಯಾಕೆ ಹೀಗೆ ಸೊಂಪಾಗಿ ಬೆಳೀತಿದೆ ಅಂತ ಯಾರೂ ಕೇಳಲಿಲ್ಲ.

ಒಂಬತ್ತನೇ ವಾರ ಮೆಣಸು ಊಟದ ತಟ್ಟೆ ದೂಡಿದಳು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಮುಟ್ಟಿದರೆ ಕಿರುಚುತ್ತಿದ್ದಳು.

ಮಕ್ಕಳ ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಮೇಜಿನ ಮೇಲೆ ಮಲಗಿಸಿ ಮೆಲ್ಲಗೆ ಒತ್ತಿ ನೋಡಿ, “ಕೊನೆಗೆ ಕಕ್ಕಸಿಗೆ ಹೋಗಿದ್ದು ಯಾವಾಗ ಪುಟ್ಟಾ?” ಅಂದರು.

“ಹೋದ ಮಂಗಳವಾರ” ಅಂದಳು ಮೆಣಸು. ಅಂದರೆ ಎಂಟು ದಿನ. ಆಮೇಲೆ ನೋವಿನ ನಡುವೆಯೂ ಕತ್ತೆತ್ತಿ ಹೆಮ್ಮೆಯಿಂದ, “ಶಾಲೇಲಿ ನಾನು ಒಂದ್ಸಲಾನೂ ಹೋಗಿಲ್ಲ. ನೀರೂ ಕುಡಿಯಲ್ಲ. ನನ್ನ ಹತ್ರ ಎಂಟು ಸೋಪಿದೆ” ಅಂದಳು.

ಡಾಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾದದ್ದು ಮಗಳಿಗೆ. ಅವಳು ನಿಧಾನವಾಗಿ ತಾಯಿಯ ಕಡೆ ತಿರುಗಿದಳು. “ಅಮ್ಮಾ. ಸೋಪು ಕೊಟ್ಟು ನನ್ನ ಮಗೂ ಹೊಟ್ಟೆ ಕಟ್ಟಿಸಿದ್ಯಾ?”

ಡಾಕ್ಟರು ಇಬ್ಬರನ್ನೂ ನೋಡಿ, ಜಗಳ ಮನೆಗೆ ಹೋಗಿ ಆಡಿಕೊಳ್ಳಲಿ ಅಂದುಕೊಂಡರೋ ಏನೋ, ಕಾಗದ ಎಳೆದುಕೊಂಡರು. ಮಲ ಮೆತ್ತಗಾಗುವುದಕ್ಕೆ ಸಿರಪ್ಪು ಬರೆದರು. ಮೈದಾ, ಬಿಸ್ಕತ್ತು ಕಮ್ಮಿ ಮಾಡಿ. ಸೊಪ್ಪು, ಕಾಳು, ಹಣ್ಣು, ತವುಡು ತೆಗೆಯದ ಹಿಟ್ಟು ಜಾಸ್ತಿ ಮಾಡಿ. ನೀರು ಕಣ್ಣೆದುರೇ ಕುಡಿಸಿ. ದಿನಾ ಓಡಾಡಲಿ, ಆಡಲಿ. ಎಲ್ಲಕ್ಕಿಂತ ಮುಖ್ಯ, ತಿಂದ ಮೇಲೆ ಹೊಟ್ಟೆ ತಾನೇ ಕರೆಯುತ್ತೆ, ಆ ಹೊತ್ತಿಗೆ ಹತ್ತು ನಿಮಿಷ ಆರಾಮಾಗಿ ಕೂರಿಸಿ, ಕಾಲ ಕೆಳಗೆ ಒಂದು ಪುಟ್ಟ ಮಣೆ ಇಡಿ. ಗದರಬೇಡಿ, ಅವಸರ ಮಾಡಬೇಡಿ. “ತಡ್ಕೊಳ್ಳೋದು ಜಾಣತನ ಅಂತ ಇವಳ ತಲೇಲಿ ಕೂತಿದೆಯಲ್ಲ, ಅದು ಹೋಗ್ಬೇಕು. ಶನಿವಾರದೊಳಗೆ ಆಗಲಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸಿ ಕೆಳಗಿನಿಂದ ಔಷಧಿ ಹಾಕಿ ತೆಗೀಬೇಕಾಗುತ್ತೆ” ಅಂದರು. ಆಮೇಲೆ ಕನ್ನಡಕದ ಮೇಲಿಂದ ಅಜ್ಜಿಯನ್ನು ನೋಡಿ, “ನಿಮಗೆ ಹೇಗಿದೆ ಅಮ್ಮಾ ಹೊಟ್ಟೆ?” ಅಂತ ಕೇಳಿದರು.

“ನನಗೇನು, ಗುಂಡುಕಲ್ಲಿನ ಹಾಗಿದೀನಿ” ಅಂದಳು ಅಜ್ಜಿ.

“ಅದೇ ಭಯ” ಅಂದರು ಡಾಕ್ಟರು. ಅಜ್ಜಿಗೆ ಬೀರುವಿನ ಡಬ್ಬಿ ನೆನಪಾಯಿತು.

ಮನೆಯಲ್ಲಿ ಮಗಳು ಅಜ್ಜಿಯ ಜೊತೆ ಮಾತು ಬಿಟ್ಟಳು. ಅಳಿಯ ಪಾಪ, “ಬೇಕರಿ ಬನ್ನಿಂದಾನೇ ಆಗಿರಬಹುದು ಅತ್ತೆ, ನನ್ನದೂ ತಪ್ಪಿದೆ” ಅಂತ ಅರ್ಧ ಪಾಲು ತಾನೇ ಹೊತ್ತುಕೊಂಡು, ಮಾರನೇ ದಿನದಿಂದ ಇಡೀ ಗೋಧಿಯ ಬ್ರೆಡ್ಡು ತಂದ. ಪಪ್ಪಾಯ, ಸೀಬೆ, ನೆನೆಸಿದ ಒಣದ್ರಾಕ್ಷಿ, ಬೇಯಿಸಿದ ಹುರುಳಿಕಾಯಿ ಎಲ್ಲ ಮೇಜಿಗೆ ಬಂತು. ಅಜ್ಜಿ ಮೊಮ್ಮಗಳ ಕೈಹಿಡಿದು ಬೆಳಿಗ್ಗೆ ಬೀದಿ ತುದಿಯ ಅಂಚೆಪೆಟ್ಟಿಗೆವರೆಗೆ ನಡೆದು ಬಂದಳು. ಅವಳಿಗೆ ಒಂದು ಲೋಟ, ತನಗೊಂದು ಲೋಟ ನೀರು. ಇಷ್ಟು ವರ್ಷದಲ್ಲಿ ಬೆಳಗಿನ ಹೊತ್ತು ಒಂದು ಲೋಟ ನೀರು ಪೂರ್ತಿ ಕುಡಿದಿದ್ದು ಅದೇ ಮೊದಲು.

ಎಲ್ಲ ಸರಿ, ಮೆಣಸು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮಣೆ ಮೇಲೆ ಕಾಲಿಟ್ಟು ಕೂರುತ್ತಾಳೆ, ಮುಖ ಕೆಂಪಗೆ ಮಾಡಿಕೊಂಡು ಬಿಗಿಹಿಡಿಯುತ್ತಾಳೆ, ಹತ್ತು ನಿಮಿಷ ಆದದ್ದೇ ಇಳಿದು ಓಡುತ್ತಾಳೆ. ಒಂದು ಕಡೆ ನೋಯುತ್ತೆ ಅನ್ನೋ ಹೆದರಿಕೆ, ಇನ್ನೊಂದು ಕಡೆ ಹಟ. “ನಾನು ಹದಿನೇಳು. ನನ್ನ ಮುಂದೆ ಸೊನ್ನೆ” ಅನ್ನುತ್ತಾಳೆ. “ಬಿಡು ಪುಟ್ಟಾ, ಅದೆಲ್ಲ ಹಳೇ ಕಾಲದ್ದು” ಅಂದರೆ, “ಮತ್ತೆ ನೀನು ಇಪ್ಪತ್ತೆರಡು ವರ್ಷ ಎದ್ದೇ ಇಲ್ಲ, ನಿನಗೇನೂ ಆಗಲಿಲ್ವಲ್ಲ?” ಅನ್ನುತ್ತಾಳೆ. ಇದಕ್ಕೇನಂತ ಉತ್ತರ ಕೊಡುವುದು?

ಬುಧವಾರ ಹೋಯಿತು, ಗುರುವಾರ ಹೋಯಿತು. ಮಗಳು ಆಸ್ಪತ್ರೆಗೆಂದು ಬಟ್ಟೆ ಮಡಿಸಿ ಚೀಲದಲ್ಲಿಡುತ್ತಿದ್ದುದನ್ನು ಅಜ್ಜಿ ನೋಡಿದಳು. ಪುಟ್ಟ ಲಂಗ, ಪುಟ್ಟ ಬನಿಯನ್. ಉತ್ತರ ಅವಳ ಹತ್ತಿರ ಇತ್ತು. ನಲವತ್ತು ವರ್ಷದಿಂದ ಇತ್ತು. ಅದನ್ನು ಹೇಳಿಬಿಟ್ಟರೆ ಜೀವಮಾನದಲ್ಲಿ ಇದ್ದ ಒಂದೇ ಒಂದು ಜಂಬ ಮಣ್ಣುಪಾಲು, ಜಗತ್ತಿನಲ್ಲಿ ಅವಳನ್ನು ರಾಣಿ ಅಂತ ನೋಡುವ ಎರಡೇ ಎರಡು ಕಣ್ಣು ಕೂಡ ಕೈಬಿಟ್ಟುಹೋಗುತ್ತವೆ. ಹೇಳದಿದ್ದರೆ ನಾಡಿದ್ದು ಆ ಮಗುವನ್ನು ನಾಲ್ಕು ಜನ ಹಿಡಿದುಕೊಳ್ಳುತ್ತಾರೆ.

ಶುಕ್ರವಾರ ಬೆಳಿಗ್ಗೆ ಮೆಣಸು ಬ್ರೆಡ್ಡು, ಪಪ್ಪಾಯ ತಿಂದು ಹೋಗಿ ಕೂತಳು. ಅಜ್ಜಿ ಬಾಗಿಲ ಹೊರಗೆ ಬಕೆಟ್ಟು ಬೋರಲು ಹಾಕಿ ಕೂತಳು. ಬಾಗಿಲು ಒಂದು ಗೇಣು ತೆರೆದಿತ್ತು. ಪಕ್ಕದ ಕೋಣೆಯಲ್ಲಿ ಮಗಳು ಇಸ್ತ್ರಿ ಮಾಡುತ್ತಿದ್ದಳು.

“ಮೆಣಸೂ, ನಿನಗೊಂದು ಸುಳ್ಳು ಹೇಳಿದೀನಿ ಕಣೇ” ಅಂದಳು ಅಜ್ಜಿ.

“ಯಾವುದು?”

“ಸೊನ್ನೆ.”

ಅಜ್ಜಿ ನೆಲ ನೋಡುತ್ತ ಹೇಳತೊಡಗಿದಳು. “ಆಗ ನಿಮ್ಮಮ್ಮ ನನ್ನ ಹೊಟ್ಟೇಲಿದ್ಳು. ಆರು ತಿಂಗಳು. ಒಂದು ರಾತ್ರಿ ಬಿರುಗಾಳಿ ಬಂದು ಅರ್ಧ ಲೈನು ಕೆಟ್ಟಿತ್ತು. ಸರಿ ಹೋಗಿದ್ದೇ ತಡ, ಬೋರ್ಡು ತುಂಬ ದೀಪ. ಎಲ್ಲರಿಗೂ ಅವರವರ ಮನೆಯವರು ಬದುಕಿದಾರೋ ಇಲ್ವೋ ಕೇಳೋ ಆತುರ. ಬೆಳಿಗ್ಗೆಯಿಂದ ನಾನು ಎದ್ದಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಒಬ್ಬಳು ಹೆಂಗಸು ಅಳ್ತಾ ನಂಬರು ಹೇಳ್ತಿದ್ಳು, ನಾನು ವೈರು ಚುಚ್ಚೋಕೆ ಮುಂದೆ ಬಗ್ಗಿದೆ, ಅಷ್ಟೆ. ತಡೆಯೋಕಾಗಲಿಲ್ಲ. ಕೂತಲ್ಲೇ ಆಗಿಹೋಯ್ತು. ಸೀರೆಯೆಲ್ಲ ಒದ್ದೆ, ಸ್ಟೂಲಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳ್ತಾ ಇದೆ. ಬಾಯಲ್ಲಿ ಮಾತ್ರ ‘ಮಾತಾಡಿ’ ಅಂದೆ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.”

ಪಕ್ಕದ ಕೋಣೆಯಲ್ಲಿ ಇಸ್ತ್ರಿಯ ಸದ್ದು ನಿಂತಿತ್ತು.

“ಯಾರೂ ನೋಡಲಿಲ್ವಾ?” ಮೆಣಸಿನ ದನಿ ಸಣ್ಣಗಿತ್ತು.

“ಹದಿನೆಂಟು ನೋಡಿದ್ಳು. ಅವಳು ನನ್ನ ಮುಖ ಒಂದ್ಸಲ ನೋಡಿದ್ಳು, ನೆಲ ಒಂದ್ಸಲ ನೋಡಿದ್ಳು. ತಕ್ಷಣ ತನ್ನ ಬಾಟಲಿ ಎತ್ತಿ ಅಷ್ಟೂ ನೀರನ್ನ ನನ್ನ ಮಡಿಲಿಗೆ ಸುರಿದುಬಿಟ್ಳು. ‘ಅಯ್ಯಯ್ಯೋ, ನನ್ನ ಕೈ ಸೇದಿಹೋಗ! ಬಸುರಿ ಮೇಲೆ ನೀರು ಚೆಲ್ಲಿಬಿಟ್ನಲ್ಲೇ!’ ಅಂತ ಇಡೀ ಕೋಣೆಗೆ ಕೇಳೋ ಹಾಗೆ ಬಾಯಿ ಬಡ್ಕೊಂಡ್ಳು. ಗಡಿಯಾರಮ್ಮ ಓಡಿಬಂದು ಅವಳಿಗೆ ಬಾಯಿಗೆ ಬಂದ ಹಾಗೆ ಬೈದ್ಳು. ಕೆಲಸದ ಹೊತ್ತಲ್ಲಿ ಅವಳ ಕೈಲೇ ನೆಲ ಒರೆಸಿಸಿದ್ಳು. ಹಲಗೆ ಮೇಲೆ ಹದಿನೆಂಟರ ಮುಂದೆ ಇಪ್ಪತ್ತೈದು ನಿಮಿಷ ಬರೆದ್ಳು. ಕೋಣೆಯೊಳಗೆ ಯಾರೂ ನೀರು ತರಬಾರದು ಅಂತ ಅಂದೇ ಕಟ್ಟಪ್ಪಣೆ ಆಯ್ತು. ಮಾರನೇ ದಿನ ಅವಳ ಸೀಟನ್ನ ಆ ಕೊನೆಗೆ ಎತ್ತಿಹಾಕಿದ್ರು. ಅಲ್ಲಿ ಕಿಟಕಿಯೂ ಇಲ್ಲ. ಹೆಸರು ಮಾತ್ರ ಹದಿನೆಂಟೇ ಉಳೀತು. ಮತ್ತೆ ಯಾವತ್ತೂ ನಾವು ಅಕ್ಕಪಕ್ಕ ಕೂರಲಿಲ್ಲ.”

“ನೀನು ಹೇಳ್ಬೇಕಿತ್ತು, ಅವಳಲ್ಲ ನಾನು ಅಂತ.”

“ಹೇಳ್ಬೇಕಿತ್ತು.”

“ಸೋಪು?”

“ತಿಂಗಳ ಕೊನೆಗೆ ನನಗೇ ಕೊಟ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಅವಳೂ ತಟ್ಟಿದ್ಳು. ನಾನು ತಗೊಂಡು ಮನೆಗೆ ಬಂದೆ.”

“ಅವರಿಗೆ ಕೊಡಲಿಲ್ವಾ?”

“ಇಲ್ಲ ಕಣೇ.”

ಮುಗಿಯಿತು, ಇನ್ನು ಈ ಮಗು ನನ್ನ ಮುಖ ನೋಡಲ್ಲ, ಅಂದುಕೊಂಡಳು ಅಜ್ಜಿ. ಹೇಳುವುದು ಇನ್ನೂ ಬಾಕಿ ಇತ್ತು, ಹೇಳಿಬಿಟ್ಟಳು. “ಏನೂ ಆಗಲಿಲ್ವಲ್ಲ ಅಂತೀಯಲ್ಲ, ಆಗಿದೆ. ನನ್ನ ಬೀರುವಿನಲ್ಲಿ ಪುಡಿ ಡಬ್ಬಿ ಇದೆ. ಅದನ್ನ ತಿನ್ನದೆ ನನ್ನ ಹೊಟ್ಟೆ ಆಡಲ್ಲ. ನಲವತ್ತು ವರ್ಷದಿಂದ ನೋವು ತಿಂತಿದೀನಿ, ಯಾರಿಗೂ ಹೇಳಿಲ್ಲ. ತಡ್ಕೊಂಡಿದ್ದು ಜಾಣತನ ಅಲ್ಲ ಪುಟ್ಟಾ. ಹೆದರಿಕೆ. ನಿನಗೆ ಅದನ್ನೇ ಬಹುಮಾನ ಮಾಡಿ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.” ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಅಜ್ಜೀ” ಅಂದಳು ಮೆಣಸು ಒಳಗಿನಿಂದ.

“ಹ್ಞಾಂ.”

“ನೋಯುತ್ತೆ. ಕೈ ಕೊಡು.”

ಅಜ್ಜಿ ಬಾಗಿಲ ಸಂದಿಯಲ್ಲಿ ಕೈ ತೂರಿಸಿದಳು. ಪುಟ್ಟ ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದವು. ಹೊರಗೆ ವ್ಯಾನು ಹಾರನ್ನು ಹೊಡೆಯಿತು, ಮತ್ತೆ ಹೊಡೆಯಿತು. ಮಗಳು ಬಂದು ಕಿಟಕಿಯಿಂದ ಕೂಗಿದಳು, “ನೀವು ಹೋಗಿ, ನಾನೇ ಕರ್ಕೊಂಡು ಬರ್ತೀನಿ.” ಆಮೇಲೆ ಬಂದು ತಾಯಿಯ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಅವಳ ಕಣ್ಣೂ ಒದ್ದೆಯಾಗಿತ್ತು. “ಒಬ್ಬಳೇ ಇಟ್ಕೊಂಡು ಕೂತಿದ್ಯಲ್ಲಮ್ಮ” ಅಂದಳು, ಅಷ್ಟೆ. ಎರಡು ದಿನದ ಮೇಲೆ ಆಡಿದ ಮೊದಲ ಮಾತದು.

ಒಳಗೆ ಅಳು, ತಿಣುಕುವುದು, ಮತ್ತೆ ಅಳು. ಹತ್ತು ನಿಮಿಷ ಹೋಗಿ ಇಪ್ಪತ್ತಾಯಿತು, ಯಾರೂ ಗಡಿಯಾರ ನೋಡಲಿಲ್ಲ. ಆಮೇಲೆ ಮೆಣಸು ಬೆರಗಿನಿಂದ ಕೂಗಿದಳು, “ಬಂತು! ಅಜ್ಜೀ, ಬಂತು!” ತಾಯಿ ಮಗಳಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹುಚ್ಚರ ಹಾಗೆ ನಕ್ಕರು. ಆಸ್ಪತ್ರೆಯ ಚೀಲದಿಂದ ಬಟ್ಟೆ ವಾಪಸ್ಸು ಬೀರುವಿಗೆ ಹೋಯಿತು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಸಿರಪ್ಪು ಇನ್ನೂ ಕೆಲವು ವಾರ ಕುಡಿಸಿ ಅಂದರು ಡಾಕ್ಟರು. ಅಜ್ಜಿಯೂ ತನ್ನ ಡಬ್ಬಿ ತಂದು ಅವರ ಮೇಜಿನ ಮೇಲಿಟ್ಟಳು. ಏಕಾಏಕಿ ಬಿಡಬೇಡಿ, ನಿಧಾನಕ್ಕೆ ಇಳಿಸೋಣ ಅಂದರು. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಏಳುವುದು, ಅಂಚೆಪೆಟ್ಟಿಗೆವರೆಗಿನ ನಡಿಗೆ, ನೀರು, ಹಣ್ಣು, ಮಣೆ ಎಲ್ಲ ನಡೆಯಿತು. ಕುಂಡದ ಗಿಡ ಸ್ವಲ್ಪ ಬಾಡಿತು.

ಹದಿನೈದು ದಿನದ ಮೇಲೆ ಮೆಣಸು ಶಾಲೆಯಿಂದ ಬಂದವಳೇ ಚೀಲ ಬಿಸಾಕಿ, “ಅಜ್ಜಿ, ಇವತ್ತು ಕ್ಲಾಸಲ್ಲಿ ಕೈ ಎತ್ತಿದೆ” ಅಂದಳು.

ಅಜ್ಜಿ ಬಿಡಿಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟಳು. “ಯಾರಾದ್ರೂ ನಕ್ರಾ?”

“ಒಬ್ಬ ನಕ್ಕ. ಆಮೇಲೆ ಅವನೂ ಕೈ ಎತ್ತಿದ.”

“ಟೀಚರ್ ಏನಂದ್ರು?”

“ಹೋಗಿ ಬಾ ಅಂದ್ರು.”

“ಅಷ್ಟೇನಾ?”

“ಅಷ್ಟೇ. ಇನ್ನೇನಂತಾರೆ?” ಅಂದು ಮೆಣಸು ಸೀಬೆಹಣ್ಣು ಕಚ್ಚುತ್ತ ಆಡುವುದಕ್ಕೆ ಓಡಿದಳು.

ಅಜ್ಜಿ ಸೊಪ್ಪಿನ ಮುಂದೆ ಹಾಗೇ ಕೂತಳು. ಯಾರಿಗೂ ಹೇಳದ ಇನ್ನೊಂದು ಮಾತು ಅವಳ ಹತ್ತಿರ ಉಳಿದಿತ್ತು. ಪಕ್ಕದ ಸೀಟಿನಲ್ಲಿದ್ದ ಏಳು ವರ್ಷವೂ ಹದಿನೆಂಟು ತಾನೊಬ್ಬಳೇ ಎದ್ದು ಹೋದವಳಲ್ಲ. ಪ್ರತಿ ಸಲ ಬಿಲ್ಲೆ ನೇತುಹಾಕಿ, ಇವಳ ಭುಜ ಮುಟ್ಟಿ, ಕಿವಿಯ ಹತ್ತಿರ ಬಗ್ಗಿ ಕೇಳುತ್ತಿದ್ದಳು: “ಬರ್ತೀಯೇನೇ? ಇಬ್ಬರೂ ಹೋಗಿ ಬರೋಣ.” ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು. ಇವಳು ಒಂದು ಸಲವೂ ತಲೆ ಎತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹದಿನೆಂಟು ತೀರಿಕೊಂಡ ಸುದ್ದಿ ಬಂದಾಗಲೂ, ಕಾಲು ನೋವು ಅಂತ ಹೇಳಿ ಹೋಗಿರಲಿಲ್ಲ.

“ಹೋಗಿಬರಬಹುದಿತ್ತು ಕಣೇ” ಅಂದಳು ಅಜ್ಜಿ ಜೋರಾಗಿ, ಖಾಲಿ ಅಡಿಗೆಮನೆಯಲ್ಲಿ. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು.